ಕೌಂಟರ್ ಇಲ್ಲದ ಅಂಗಡಿ

ತಿಪಟೂರಿನ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ ಇದೆ. 2007ರವರೆಗೆ ಅಲ್ಲಿ ಲಾಟರಿ ಮಾರುತ್ತಿದ್ದೆವು. ಅಪ್ಪ ಶುರು ಮಾಡಿದ ವ್ಯಾಪಾರ ಅದು. ಸಿಕ್ಕಿಂ, ಭೂತಾನ್, ನಾಗಾಲ್ಯಾಂಡ್ ಎಂದು ದೂರದ ಸೀಮೆಗಳ ಹೆಸರು ಹೊತ್ತ ಟಿಕೆಟ್‌ಗಳನ್ನು ದಾರಕ್ಕೆ ಕ್ಲಿಪ್ ಹಾಕಿ ಇಳಿಬಿಡುತ್ತಿದ್ದರು. ಕೊಬ್ಬರಿ ಹರಾಜಿನ ದಿನ ಸಂಜೆ ರೈತರ ಕೈಯಲ್ಲಿ ನಗದು ಇರುತ್ತಿತ್ತು, ನಮ್ಮಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಆ ವರ್ಷ ಸರ್ಕಾರ ಲಾಟರಿಯನ್ನು ನಿಷೇಧಿಸಿದ ಮೇಲೆ ಅದೇ ಗೂಡಿಗೆ ಸಿಮ್ಮು, ಕರೆನ್ಸಿ, ಚಾರ್ಜರು, ಮೊಬೈಲ್ ಕವರುಗಳು ಬಂದವು. ಕೆಲವು ವರ್ಷ ಕಳೆದು ಗೂಗಲ್ ಪ್ಲೇ ಕೋಡು ಬಂತು.

"ಅಣ್ಣಾ, ಎಂಬತ್ತರದ್ದು ಒಂದು ಕೋಡು ಕೊಡಿ" ಎಂದು ಕೇಳುತ್ತಿದ್ದವರು ಹೈಸ್ಕೂಲಿನ ಹುಡುಗರು. ಅದನ್ನು ಫೋನಿಗೆ ಹಾಕಿಕೊಂಡರೆ ಫ್ರೀ ಫೈರ್ ಆಟದಲ್ಲಿ ಡೈಮಂಡು ಸಿಗುತ್ತಿತ್ತು. ಡೈಮಂಡು ಕೊಟ್ಟರೆ ಬಂದೂಕಿಗೆ ಬಣ್ಣ, ಆಳಿಗೆ ಬಟ್ಟೆ, ಇಲ್ಲವೇ ಒಂದು ಸ್ಪಿನ್ನು. ಆಟವೇನೋ ಬಿಟ್ಟಿ. ಕೋಡು ಕೆರೆದು ನಂಬರು ಒತ್ತಿ, ಸ್ಪಿನ್ನು ತಿರುಗುವಾಗ ಆ ಮಕ್ಕಳ ಮುಖದಲ್ಲಿ ಮೂಡುತ್ತಿದ್ದದ್ದನ್ನು ನಾನು ಚಿಕ್ಕಂದಿನಿಂದ ನೋಡಿ ಬಲ್ಲೆ. ರಿಸಲ್ಟ್ ಪೇಪರಿನಲ್ಲಿ ಬೆರಳಿಟ್ಟು ನಂಬರು ಹುಡುಕುತ್ತಿದ್ದ ದೊಡ್ಡವರ ಮುಖದಲ್ಲೂ ಅದೇ ಇತ್ತು. ಆಟದೊಳಗಿನ ಈ ವ್ಯಾಪಾರ ಎಲ್ಲಿ ಹುಟ್ಟಿತು, ಹೇಗೆ ನಮ್ಮೂರಿನವರೆಗೆ ಬಂತು ಎಂದು ಅಂದಿನಿಂದ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಗಟ್ಟಿಯಾದ ಮಾತು ಒಂದೇ. ಇದರ ಚರಿತ್ರೆಯೆಂದರೆ ಕೊಳ್ಳುವವನಿಗೂ ಅವನ ದುಡ್ಡಿಗೂ ನಡುವೆ ಇದ್ದ ಕೌಂಟರನ್ನು ತುಂಡು ತುಂಡಾಗಿ ಕಿತ್ತುಹಾಕಿದ ಚರಿತ್ರೆ.

ಕೌಂಟರ್ ಎಂದರೆ ಬರೀ ಹಲಗೆಯಲ್ಲ. ಅಪ್ಪ ಸ್ಕೂಲ್ ಯೂನಿಫಾರ್ಮಿನಲ್ಲಿ ಬಂದವರಿಗೆ ಟಿಕೆಟ್ ಕೊಡುತ್ತಿರಲಿಲ್ಲ. ಸಾಲಾಗಿ ಸೋತು ಮತ್ತೆ ಕೈ ಚಾಚಿದವನಿಗೆ, "ಇವತ್ತಿಗೆ ಸಾಕು, ಮನೆಗೆ ಸಾಮಾನು ತಗೊಂಡು ಹೋಗು" ಎನ್ನುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುತ್ತಿದ್ದರು. ಇಷ್ಟು ಮಾತ್ರಕ್ಕೆ ಲಾಟರಿ ಒಳ್ಳೆಯದಾಗಲಿಲ್ಲ. ಅದರಿಂದ ಮನೆ ಮಾರಿದವರನ್ನು ಈ ಊರು ಕಂಡಿದೆ, ನಿಷೇಧ ಸರಿಯಾದದ್ದೇ. ಆದರೆ ಕೊಳ್ಳುವವನು ನಡೆದು ಬರಬೇಕಿತ್ತು, ಜೇಬಿನಿಂದ ನೋಟು ತೆಗೆಯಬೇಕಿತ್ತು, ಗುರುತಿನ ಒಂದು ಮುಖದೆದುರು ನಿಲ್ಲಬೇಕಿತ್ತು. ಈ ಮೂರೂ ಒಂದೊಂದಾಗಿ ಹೇಗೆ ಹೋದವು ಎಂಬುದನ್ನು ಹೇಳುತ್ತೇನೆ.

ಕಥೆ ಶುರುವಾಗುವುದು ದಕ್ಷಿಣ ಕೊರಿಯಾದಲ್ಲಿ. 1997ರ ಆರ್ಥಿಕ ಕುಸಿತದ ನಂತರ ಅಲ್ಲಿ ಬೀದಿ ಬೀದಿಗೆ ಪಿಸಿ ಬಾಂಗ್‌ಗಳು ಎದ್ದವು. ಗಂಟೆಗೆ ಇಷ್ಟು ಎಂದು ಕೊಟ್ಟು ಕಂಪ್ಯೂಟರಿನಲ್ಲಿ ಆಟ ಆಡುವ ಜಾಗಗಳು ಅವು. 1994ರಲ್ಲಿ ಹುಟ್ಟಿದ ನೆಕ್ಸಾನ್ ಎಂಬ ಕಂಪನಿ 1999ರಲ್ಲಿ ಕ್ವಿಜ್‌ಕ್ವಿಜ್ ಎಂಬ ಆಟ ಹೊರತಂದಿತು. ಪ್ರಶ್ನೆಗೆ ಉತ್ತರ ಹೇಳುವ ಸರಳ ಆಟ. ತಿಂಗಳ ಶುಲ್ಕ ಇಟ್ಟಾಗ ಜನ ಬಿಟ್ಟುಹೋದರು. ಆಗ ಕಂಪನಿ ಶುಲ್ಕ ತೆಗೆದು, ಆಟದೊಳಗಿನ ಪುಟ್ಟ ಗೊಂಬೆಗೆ ತೊಡಿಸುವ ಬಟ್ಟೆ, ತಲೆಗೂದಲಿನಂಥ ಅಲಂಕಾರವನ್ನು ಚಿಲ್ಲರೆ ಕಾಸಿಗೆ ಮಾರತೊಡಗಿತು. ಜನ ಮರಳಿ ಬಂದರು. ಆಟ ಬಿಟ್ಟಿ, ಅಂಗಿ ದುಡ್ಡಿಗೆ ಎಂಬ ಲೆಕ್ಕ ಅಲ್ಲಿ ಕುದುರಿತು.

ಅಂಗಿ ಮಾರಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬೆಲೆ ಎದುರಿಗಿತ್ತು, ಸಾಮಾನೂ ಎದುರಿಗಿತ್ತು. ತಿರುವು ಬಂದದ್ದು ಜಪಾನಿನಲ್ಲಿ. ನೆಕ್ಸಾನಿನ ಇನ್ನೊಂದು ಆಟ ಮೇಪಲ್‌ಸ್ಟೋರಿಯ ಜಪಾನಿ ಆವೃತ್ತಿಗೆ 2004ರ ಜೂನ್‌ನಲ್ಲಿ ಗಾಚಾಪಾನ್ ಟಿಕೆಟ್ ಸೇರಿತು. 100 ಯೆನ್ ಕೊಟ್ಟರೆ ಒಂದು ಟಿಕೆಟ್, ಅದಕ್ಕೆ ಏನು ಬರುತ್ತದೋ ಅದು ನಿಮ್ಮದು. ಯೋಚನೆ ಹೊಸದಲ್ಲ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಉಂಡೆಯೊಂದು ಉರುಳಿಬಂದು ಅದರೊಳಗೆ ಆಟಿಕೆ ಸಿಗುವ ಯಂತ್ರಗಳು ಜಪಾನಿಗೆ ಬಂದದ್ದು 1965ರಲ್ಲಿ. 1977ರಲ್ಲಿ ಬಂದಾಯ್ ಕಂಪನಿ ಕೈ ಹಾಕಿದ ಮೇಲೆ ಅವು ಅಂಗಡಿಗಳ ಮುಂದೆಲ್ಲ ಸಾಲುಗಟ್ಟಿದವು. ಆ ಯಂತ್ರಕ್ಕೂ ಒಂದು ಮಿತಿ ಇತ್ತು. ಒಳಗಿನ ಉಂಡೆಗಳು ಮುಗಿಯುತ್ತಿದ್ದವು, ಮಗುವಿನ ಜೇಬಿನ ನಾಣ್ಯವೂ ಮುಗಿಯುತ್ತಿತ್ತು. ಕಂಪ್ಯೂಟರಿನೊಳಗೆ ಹೋದ ಮೇಲೆ ಉಂಡೆಗೆ ಕೊನೆ ಇಲ್ಲ.

ನಾಣ್ಯದ ಮಿತಿಯೂ ಜಪಾನಿನಲ್ಲೇ ಮೊದಲು ಸಡಿಲವಾಗಿತ್ತು. 1999ರ ಫೆಬ್ರವರಿಯಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿ ಐ-ಮೋಡ್ ಎಂಬ ಮೊಬೈಲ್ ಇಂಟರ್ನೆಟ್ ತಂದಾಗ, ಫೋನಿನಲ್ಲಿ ಕೊಂಡದ್ದರ ಬೆಲೆ ತಿಂಗಳ ಫೋನ್ ಬಿಲ್ಲಿಗೆ ಸೇರುವ ಏರ್ಪಾಡು ಮಾಡಿತು. ವಸೂಲಿ ಮಾಡಿಕೊಟ್ಟಿದ್ದಕ್ಕೆ ಅದರ ಕಮಿಷನ್ ನೂರಕ್ಕೆ 9. ಕೊಳ್ಳುವ ಗಳಿಗೆ ಒಂದು, ಕೊಡುವ ಗಳಿಗೆ ಇನ್ನೊಂದು. ಸಾಲದ ಅಂಗಡಿಯಲ್ಲಿ ಕೈ ಧಾರಾಳವಾಗುವುದು ಎಲ್ಲ ವ್ಯಾಪಾರಿಗಳಿಗೂ ಗೊತ್ತು.

ಈ ಎರಡೂ ಕೂಡಿದಾಗ ಏನಾಯಿತು ಎಂಬುದನ್ನು ನಿಧಾನವಾಗಿ ಹೇಳಬೇಕು. ಗ್ರೀ ಮತ್ತು ಡಿಎನ್‌ಎ ಎಂಬ ಎರಡು ಕಂಪನಿಗಳು ಮೊಬೈಲ್ ಆಟಗಳಿಂದ ದೊಡ್ಡದಾಗಿ ಬೆಳೆದವು. ಅವರ ವೇದಿಕೆಗಳ ಆಟಗಳಲ್ಲಿ ಕಂಪ್ಲೀಟ್ ಗಾಚಾ ಎಂಬ ಪದ್ಧತಿ ಹಬ್ಬಿತು. ಚೀಟಿ ಎಳೆದಂತೆ ಒಂದೊಂದೇ ಕಾರ್ಡ್ ಕೊಳ್ಳುವುದು, ಒಂದು ಗುಂಪಿನ ಎಲ್ಲ ಕಾರ್ಡೂ ಸೇರಿದರೆ ಮಾತ್ರ ಬೇರೆ ಯಾವ ದಾರಿಯಲ್ಲೂ ಸಿಗದ ದೊಡ್ಡ ಕಾರ್ಡು. ಇದರ ಗಣಿತವನ್ನು ನಾನು ಕೂತು ಮಾಡಿ ನೋಡಿದ್ದೇನೆ. ಗುಂಪಿನಲ್ಲಿ ಆರು ಕಾರ್ಡು, ಎಲ್ಲಕ್ಕೂ ಸಮ ಅವಕಾಶ ಎಂದುಕೊಳ್ಳಿ. ಮೊದಲ ನಾಲ್ಕು ಬೇರೆ ಬೇರೆ ಕಾರ್ಡು ಸೇರಲು ಸರಾಸರಿ ಆರು ಸಲ ಎಳೆದರೂ ಹೆಚ್ಚಾಯಿತು. ಐದನೆಯದಕ್ಕೆ ಇನ್ನೂ ಮೂರು ಸಲ. ಕೊನೆಯ ಒಂದಕ್ಕೇ ಆರು ಸಲ. ಅಂದರೆ ನಾಲ್ಕು ಕಾರ್ಡು ಸೇರಿ "ಇನ್ನೆರಡೇ ತಾನೆ" ಎನ್ನುವ ಹೊತ್ತಿಗೆ ಖರ್ಚಿನ ಅರ್ಧವೂ ಆಗಿರುವುದಿಲ್ಲ. ಅದೂ ಅವಕಾಶ ಸಮ ಇದ್ದಾಗ. ಕೊನೆಯ ಕಾರ್ಡನ್ನು ಅಪರೂಪ ಮಾಡಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಊಹಿಸಬಹುದು. ನಮ್ಮ ಲಾಟರಿಯಲ್ಲಿ ಒಂದು ಅಂಕಿಯಿಂದ ತಪ್ಪಿದವನೇ ಮಾರನೆಯ ದಿನ ಮೊದಲು ಬರುತ್ತಿದ್ದ. ಜಪಾನಿನ ಆ ಪದ್ಧತಿಯಲ್ಲಿ ಎಲ್ಲರೂ ಒಂದು ಅಂಕಿಯಿಂದ ತಪ್ಪಿದವರೇ.

2012ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಹಕ ವ್ಯವಹಾರಗಳ ಸಂಸ್ಥೆ ಇದನ್ನು ಕಾನೂನುಬಾಹಿರ ಎನ್ನಲಿದೆ ಎಂದು ಯೊಮಿಯುರಿ ಪತ್ರಿಕೆ ಬರೆಯಿತು. ಮೇ 7ರ ಒಂದೇ ದಿನದಲ್ಲಿ ಗ್ರೀ, ಡಿಎನ್‌ಎ ಎರಡರ ಷೇರೂ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದವು. ಜುಲೈ 1ರಿಂದ ನಿರ್ಬಂಧ ಜಾರಿಯಾಯಿತು. ಅದಕ್ಕೆ ಹೊಸ ಕಾನೂನೇನೂ ಬೇಕಾಗಲಿಲ್ಲ. ಚಿತ್ರದ ಕಾರ್ಡುಗಳನ್ನು ಜೋಡಿಸಿದರೆ ಬಹುಮಾನ ಎಂದು ಮಕ್ಕಳನ್ನು ಸೆಳೆಯುವುದಕ್ಕೆ ಜಪಾನಿನಲ್ಲಿ ಹಿಂದಿನಿಂದಲೇ ಅಡ್ಡಿ ಇತ್ತು, ಅದೇ ನಿಯಮವನ್ನು ಫೋನಿಗೂ ಅನ್ವಯಿಸಿದರು. ಹಳೆಯ ಅಂಗಡಿಗೆ ಮಾಡಿದ ಕಟ್ಟಳೆ ಹೊಸ ಅಂಗಡಿಗೂ ಸಲ್ಲುತ್ತದೆ ಎಂದು ಒಂದು ಸರ್ಕಾರ ತೋರಿಸಿಕೊಟ್ಟ ಘಟನೆ ಇದು. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲೇ ಬಹಳ ಮುಖ್ಯವಾದ ಪುಟ. ಆದರೆ ಗುಂಪು ಸೇರಿಸುವ ಪದ್ಧತಿ ಮಾತ್ರ ನಿಂತಿತು, ಬಿಡಿಬಿಡಿಯಾಗಿ ಚೀಟಿ ಎಳೆಯುವುದು ಉಳಿಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಬಂದಿದ್ದ ಪಜಲ್ ಅಂಡ್ ಡ್ರ್ಯಾಗನ್ಸ್ ಆಟ ಆ ಉಳಿದ ದಾರಿಯಲ್ಲೇ ನಡೆದು 100 ಕೋಟಿ ಡಾಲರ್ ಗಳಿಸಿದ ಮೊದಲ ಮೊಬೈಲ್ ಆಟವಾಯಿತು.

ಇತ್ತ ಅಮೆರಿಕದಲ್ಲಿ ಆಪಲ್ ಕಂಪನಿ 2008ರ ಜುಲೈನಲ್ಲಿ ಆಪ್ ಸ್ಟೋರ್ ತೆರೆದಿತ್ತು. ಮುಂದಿನ ವರ್ಷ ಆಪ್‌ನ ಒಳಗೆ ಮತ್ತೇನನ್ನಾದರೂ ಮಾರಲು ಅನುಮತಿ ಕೊಟ್ಟಿತು. ಮೊದಲು ಅದು ದುಡ್ಡು ಕೊಟ್ಟು ಕೊಂಡ ಆಪ್‌ಗಳಿಗೆ ಮಾತ್ರ. ಬಿಟ್ಟಿ ಆಪ್ ಎಂದು ಹೇಳಿ ಒಳಗೆ ಕರೆದು ದುಡ್ಡು ಕೇಳುವುದು ಸಲ್ಲದು ಎಂಬ ಗೆರೆ ಇತ್ತು. 2009ರ ಅಕ್ಟೋಬರ್ 15ರಂದು ಆ ಗೆರೆ ಅಳಿಯಿತು. ಬಿಟ್ಟಿ ಆಟಗಳೂ ಒಳಗೆ ಮಾರಬಹುದಾಯಿತು, ಪ್ರತಿ ಮಾರಾಟದಲ್ಲಿ ಆಪಲ್‌ಗೆ ನೂರಕ್ಕೆ 30. ಡೊಕೊಮೊದ 9ರ ಪಕ್ಕ ಈ 30ನ್ನು ಇಟ್ಟು ನೋಡಬೇಕು. ಇಂದು ನಾವು ಕಾಣುವ ಮೊಬೈಲ್ ಆಟಗಳ ಲೋಕ ಆ ದಿನ ಹುಟ್ಟಿದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಕೊಳ್ಳಲು ಪಾಸ್‌ವರ್ಡ್ ಬೇಕಿತ್ತು. ಆದರೆ ಒಮ್ಮೆ ಒತ್ತಿದರೆ ಮುಂದಿನ 15 ನಿಮಿಷ ಮತ್ತೆ ಕೇಳುತ್ತಿರಲಿಲ್ಲ. ಅಮ್ಮ ಆಟ ಇಳಿಸಿಕೊಟ್ಟು ಫೋನನ್ನು ಮಗುವಿನ ಕೈಗಿತ್ತರೆ, ಆ 15 ನಿಮಿಷ ಗಲ್ಲಾಪೆಟ್ಟಿಗೆ ಬಾಯ್ತೆರೆದೇ ಇರುತ್ತಿತ್ತು. ಸ್ಮರ್ಫ್ಸ್ ವಿಲೇಜ್ ಎಂಬ ಮಕ್ಕಳ ಆಟದಲ್ಲಿ ಊರು ಕಟ್ಟಲು ಸ್ಮರ್ಫ್‌ಬೆರಿ ಎಂಬ ಹಣ್ಣು ಬೇಕು, ಹಣ್ಣು ಡಾಲರಿಗೆ. ಮೇರಿಲ್ಯಾಂಡ್ ರಾಜ್ಯದ ಎಂಟು ವರ್ಷದ ಹುಡುಗಿಯೊಬ್ಬಳು 1,400 ಡಾಲರಿನ ಹಣ್ಣು ಕೊಂಡದ್ದನ್ನು 2011ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಅಷ್ಟು ದೊಡ್ಡ ಮೊತ್ತ ಎಂಟು ವರ್ಷದ ಮಗುವಿಗೆ ಹೇಗೆ ಹೊಳೆದೀತು? ಅವಳು ಒತ್ತಿದ್ದು ಹಣ್ಣಿನ ಚಿತ್ರವನ್ನು. ಮುಂದಿನ ತಿಂಗಳು ಆಪಲ್ ತನ್ನ ಏರ್ಪಾಡು ಬದಲಿಸಿತು. 2014ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಗಿ, ಪೋಷಕರಿಗೆ ಕನಿಷ್ಠ 3.25 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೂಗಲ್ ಕನಿಷ್ಠ 1.9 ಕೋಟಿ ಡಾಲರಿಗೆ ಒಪ್ಪಿತು, ಅದರಲ್ಲಿ ತೆರೆದಿರುತ್ತಿದ್ದ ಅವಧಿ 30 ನಿಮಿಷ.

ಫೇಸ್‌ಬುಕ್‌ನಲ್ಲಿ ಫಾರ್ಮ್‌ವಿಲ್ ಆಡಿದವರು ನಮ್ಮಲ್ಲೂ ಇದ್ದಾರೆ. 2009ರ ಜೂನ್‌ನಲ್ಲಿ ಬಂದ ಆ ಆಟದಲ್ಲಿ ಬಿತ್ತಿದ ಬೆಳೆಯನ್ನು ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬಾಡಿಹೋಗುತ್ತಿತ್ತು. ಅದನ್ನು ಮಾಡಿದ ಜಿಂಗಾ ಕಂಪನಿ ಅಮೆರಿಕದ ಹೊರಗೆ ತನ್ನ ಮೊದಲ ಕಚೇರಿ ತೆರೆದದ್ದು ಬೆಂಗಳೂರಿನಲ್ಲಿ, 2010ರಲ್ಲಿ. ಅಲ್ಲಿ ಕೆಲಸ ಕಲಿತವರು ಸೇರಿ 2013ರಲ್ಲಿ ಬೆಂಗಳೂರಿನಲ್ಲೇ ಮೂನ್‌ಫ್ರಾಗ್ ಲ್ಯಾಬ್ಸ್ ಕಟ್ಟಿದರು. ಅವರ ತೀನ್ ಪತ್ತಿ ಆಟ ದೇಶವೆಲ್ಲ ಹರಡಿತು. ಅದರಲ್ಲಿ ಚಿಪ್ಸ್ ಮುಗಿದರೆ ದುಡ್ಡು ಕೊಟ್ಟು ಕೊಳ್ಳಬಹುದು, ಗೆದ್ದ ಚಿಪ್ಸ್ ಮಾತ್ರ ಎಂದೂ ದುಡ್ಡಾಗುವುದಿಲ್ಲ. ಹಣ ಒಳಗೆ ಹೋಗುವ ಬಾಗಿಲು ಇದೆ, ಹೊರಗೆ ಬರುವ ಬಾಗಿಲು ಇಲ್ಲ. ಕಾನೂನಿನ ಕಣ್ಣಿಗೆ ಇದು ಜೂಜಲ್ಲದಿರುವುದೂ ಇದೇ ಕಾರಣಕ್ಕೆ. 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಆ ಕಂಪನಿಯನ್ನು ಕೊಂಡಿತು.

ಹಾಗಾದರೆ ಯಾರು ಕೊಡುತ್ತಾರೆ ಈ ಹಣ? ಕ್ಯಾಂಡಿ ಕ್ರಷ್ ಆಟದ ಕಿಂಗ್ ಕಂಪನಿ 2014ರಲ್ಲಿ ಷೇರು ಮಾರುಕಟ್ಟೆಗೆ ಹೋದಾಗ ಲೆಕ್ಕ ಬಿಚ್ಚಿಡಬೇಕಾಯಿತು. ತಿಂಗಳಿಗೆ ಸುಮಾರು 30 ಕೋಟಿ ಜನ ಅದರ ಆಟಗಳನ್ನು ಆಡುತ್ತಿದ್ದರು, ದುಡ್ಡು ಕೊಟ್ಟವರು 1.2 ಕೋಟಿ. ನೂರಕ್ಕೆ ನಾಲ್ಕು. ಕ್ಯಾಂಡಿ ಕ್ರಷ್‌ನಲ್ಲಿ ಐದು ಜೀವ, ಹೋದ ಒಂದು ಜೀವ ಮರಳಲು 30 ನಿಮಿಷ. ಕಾಯುವವರು ಕಾಯುತ್ತಾರೆ, ಕಾಯಲಾರದವರು ಕೊಡುತ್ತಾರೆ. ಆ ನಾಲ್ವರಲ್ಲೂ ಬಹುಪಾಲು ಕೊಡುವವರು ಕೆಲವರೇ. ಸ್ವರ್ವ್ ಎಂಬ ಸಂಸ್ಥೆ ಅದೇ ವರ್ಷ ಹಲವು ಆಟಗಳ ಅಂಕಿ ನೋಡಿ, ಆದಾಯದ ಅರ್ಧ ಬರುವುದು ಆಟಗಾರರ 0.15 ಶೇಕಡದಿಂದ ಎಂದಿತ್ತು. ಸಾವಿರ ಜನರಲ್ಲಿ ಒಬ್ಬರೋ ಇಬ್ಬರೋ. ಅಂಥವರನ್ನು ಈ ಉದ್ಯಮ ತಿಮಿಂಗಿಲ ಎಂದು ಕರೆಯುತ್ತದೆ. ನಮ್ಮ ಲಾಟರಿ ಅಂಗಡಿಗೂ ಅಂಥ ಗಿರಾಕಿಗಳು ಇದ್ದರು. ಅವರ ಹೆಸರು, ಅವರ ಮಕ್ಕಳ ಹೆಸರು ನಮಗೆ ಗೊತ್ತಿತ್ತು. ಹಾಗೆ ಗೊತ್ತಿದ್ದುದರಿಂದಲೇ ಅಪ್ಪ ಅವರನ್ನು ತಡೆಯುತ್ತಿದ್ದದ್ದು. ಆಟದ ಕಂಪನಿಗೂ ಅವರ ಗುರುತು ಇದೆ, ನಮಗಿಂತ ಚೆನ್ನಾಗಿ ಇದೆ. ಯಾವ ಹೊತ್ತಿಗೆ ಆಡುತ್ತಾರೆ, ಎಲ್ಲಿ ಸೋಲುತ್ತಾರೆ, ಸೋತು ಎಷ್ಟು ಹೊತ್ತಿಗೆ ಕೊಳ್ಳುತ್ತಾರೆ ಎಂಬುದೆಲ್ಲ ಬರೆದಿಟ್ಟಿರುತ್ತದೆ. ಆ ತಿಳಿವಳಿಕೆ ತಡೆಯಲು ಬಳಕೆಯಾಗುವುದಿಲ್ಲ, ಅದೇ ಹೊತ್ತಿಗೆ ಒಂದು ರಿಯಾಯಿತಿ ತೋರಿಸಲು ಬಳಕೆಯಾಗುತ್ತದೆ.

ಭಾರತದಲ್ಲಿ ಬಹಳ ಕಾಲ ಒಂದು ಕೌಂಟರ್ ಉಳಿದಿತ್ತು. 2009ರ ಆಗಸ್ಟ್‌ನಿಂದ ಆನ್‌ಲೈನಿನಲ್ಲಿ ಕಾರ್ಡ್ ಬಳಸುವವರಿಗೆ ಎರಡನೆಯ ಗುರುತು ಬೇಕೇ ಬೇಕು ಎಂದು ರಿಸರ್ವ್ ಬ್ಯಾಂಕ್ ವಿಧಿಸಿತ್ತು. ಓಟಿಪಿ ಮನೆಮಾತಾದದ್ದು ಹಾಗೆ. ಕಾರ್ಡ್ ಇದ್ದವರೇ ಕಡಿಮೆ. ಜೊತೆಗೆ ಪ್ಲೇ ಸ್ಟೋರಿನಲ್ಲಿ ಕನಿಷ್ಠ ಬೆಲೆ 50 ರೂಪಾಯಿ ಇತ್ತು. 2015ರಲ್ಲಿ ಗೂಗಲ್ ಅದನ್ನು 10 ರೂಪಾಯಿಗೆ ಇಳಿಸಿತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಡೇಟಾ ಅಗ್ಗವಾಯಿತು, ಹಳ್ಳಿಗೂ ಆಟ ತಲುಪಿತು. ನನ್ನ ಅಂಗಡಿಯ ಕೋಡಿನ ವ್ಯಾಪಾರ ಜೋರಾಗಿ ನಡೆದದ್ದು ಈ ನಡುಗಾಲದಲ್ಲಿ. ಹುಡುಗರಿಗೆ ಆಟ ಸಿಕ್ಕಿತ್ತು, ಬ್ಯಾಂಕ್ ಖಾತೆ ಸಿಕ್ಕಿರಲಿಲ್ಲ. ನಗದು ಹಿಡಿದು ಬರುತ್ತಿದ್ದರು. ತಿಂಗಳಲ್ಲಿ ಎರಡನೇ ಸಲ ಬಂದವನನ್ನು "ದುಡ್ಡು ಎಲ್ಲಿಂದ?" ಎಂದು ಕೇಳಬಹುದಿತ್ತು, ಕೇಳುತ್ತಿದ್ದೆ.

ಕೊರೊನಾ ಕಾಲದಲ್ಲಿ ಆ ಕೊನೆಯ ಹಲಗೆಯೂ ಕಿತ್ತುಬಂತು. ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ, ಅಪ್ಪನ ಫೋನು ಇಡೀ ದಿನ ಮಗನ ಕೈಯಲ್ಲಿ. ಅದರಲ್ಲಿಯೇ ಅಪ್ಪನ ಯುಪಿಐ, ಅದರ ಗುಟ್ಟಿನ ನಾಲ್ಕು ಅಂಕಿ ಮನೆಯವರೆಲ್ಲರಿಗೂ ಗೊತ್ತು. ಪಾಸ್‌ಬುಕ್ ಹಿಡಿದು ನನ್ನ ಬಳಿ ಬಂದ ತಂದೆಯರು ಇದ್ದಾರೆ. ಸಣ್ಣ ಸಣ್ಣ ಮೊತ್ತದ ಸಾಲುಗಳು, ಒಂದರ ಕೆಳಗೊಂದು, ಎಲ್ಲ ನಡುರಾತ್ರಿಯವು. ಅವರು ಬೈಯಲು ಬಂದವರಲ್ಲ, ಓದಿಸಿಕೊಳ್ಳಲು ಬಂದವರು. ಮಗ ಕಳ್ಳನಾದನೇ ಎಂಬ ಭಯ ಅವರಿಗೆ. ಅಲ್ಲ ಎಂದು ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ಹದಿಮೂರು ವರ್ಷದ ಹುಡುಗನ ಮುಂದೆ ನೂರಾರು ಜನ ಓದಿದವರು ಸೇರಿ ಕಟ್ಟಿದ ಅಂಗಡಿ ಇದೆ, ಅದಕ್ಕೆ ಬಾಗಿಲಿಲ್ಲ, ಮುಚ್ಚುವ ಹೊತ್ತಿಲ್ಲ, ಬೆಲೆಯನ್ನು ರೂಪಾಯಿಯಲ್ಲಿ ಹೇಳುವುದಿಲ್ಲ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಫ್ರೀ ಫೈರನ್ನು. ಕಾರಣ ಚೀನಾದ ನಂಟು ಮತ್ತು ದೇಶದ ಭದ್ರತೆ, ಮಕ್ಕಳ ದುಡ್ಡು ಆ ಆದೇಶಗಳ ವಿಷಯವಾಗಿರಲಿಲ್ಲ. ಪಬ್‌ಜಿಯ ಜಾಗಕ್ಕೆ 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಬಿಜಿಎಂಐ ತಂದಾಗ 18 ತುಂಬದವರಿಗೆ ಮಿತಿ ಹಾಕಿತು. ದಿನಕ್ಕೆ ಮೂರು ಗಂಟೆ ಆಟ, ದಿನಕ್ಕೆ 7,000 ರೂಪಾಯಿ ಖರ್ಚು. ಮಿತಿ ಇಟ್ಟದ್ದು ಸರಿ. ಆದರೆ ನಮ್ಮ ಕಡೆ ತೋಟದ ಕೆಲಸಕ್ಕೆ ಹೋಗುವ ತಾಯಿ 7,000 ರೂಪಾಯಿ ದುಡಿಯಲು ಎಷ್ಟು ದಿನ ಬೇಕೆಂದು ಆ ಅಂಕಿ ಬರೆದವರು ಕೇಳಿಕೊಂಡಿದ್ದರೆ ಅದು ಅಷ್ಟಿರುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸಿದೆ. ರಮ್ಮಿ, ಫ್ಯಾಂಟಸಿ ಕ್ರಿಕೆಟ್ಟು ಅದರ ಬಲೆಗೆ ಬಿದ್ದವು. ದುಡ್ಡು ಒಳಗೆ ಮಾತ್ರ ಹೋಗುವ ಆಟಗಳು ಆ ನಿಷೇಧದ ಹೊರಗೇ ಇವೆ.

ಈ ವ್ಯಾಪಾರ ಹುಟ್ಟಿದ ಕೊರಿಯಾದಲ್ಲಿ ಲೆಕ್ಕ ಕೇಳುವ ಕೆಲಸ ಮುಂದೆ ಹೋಗಿದೆ. ಮೇಪಲ್‌ಸ್ಟೋರಿಯಲ್ಲಿ ಕ್ಯೂಬ್ ಎಂಬ ವಸ್ತು ಮಾರುತ್ತಿದ್ದರು, ಅದನ್ನು ಬಳಸಿದರೆ ಆಯುಧದ ಗುಣ ಅದೃಷ್ಟದ ಮೇಲೆ ಬದಲಾಗುತ್ತಿತ್ತು. ಜನ ಬಯಸುವ ಗುಣಗಳು ಬರುವ ಸಾಧ್ಯತೆಯನ್ನು 2010ರಿಂದಲೇ ತಗ್ಗಿಸಿ, ಆಡುವವರಿಗೆ ಹೇಳದೆ ಮುಚ್ಚಿಟ್ಟದ್ದಕ್ಕೆ ಅಲ್ಲಿನ ಫೇರ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ನೆಕ್ಸಾನಿಗೆ 1,160 ಕೋಟಿ ವಾನ್‌ಗೂ ಮೀರಿದ ದಂಡ ಹಾಕಿತು. ಅದೇ ವರ್ಷ ಮಾರ್ಚ್‌ನಿಂದ ಸಾಧ್ಯತೆಯ ಅಂಕಿಗಳನ್ನು ಬಹಿರಂಗ ಮಾಡುವುದು ಅಲ್ಲಿ ಕಾನೂನು. ಚೀನಾ 2017ರಲ್ಲೇ ಹಾಗೆ ವಿಧಿಸಿತ್ತು, ಆಪಲ್ ಕೂಡ ಆ ವರ್ಷದ ಕೊನೆಗೆ ತನ್ನ ಅಂಗಡಿಯ ನಿಯಮಕ್ಕೆ ಅದನ್ನು ಸೇರಿಸಿತು. ಹೀಗಾಗಿ ನಮ್ಮ ಫೋನುಗಳ ಆಟಗಳಲ್ಲೂ ಒಂದು ಮೂಲೆಯಲ್ಲಿ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಆ ಪಟ್ಟಿ ಇರುತ್ತದೆ.

ಹುಡುಗರು ಬಂದಾಗ ಆ ಪಟ್ಟಿ ತೆಗೆಸಿ, ಬಿಲ್ ಪುಸ್ತಕದ ಹಿಂದೆ ಬರೆದು ತೋರಿಸುವುದು ನನ್ನ ರೂಢಿ. ಅರ್ಧ ಪರ್ಸೆಂಟ್ ಎಂದರೆ ಇನ್ನೂರಕ್ಕೆ ಒಂದು. ಇನ್ನೂರು ಸಲ ಎಳೆದರೆ ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ಬರುವುದಿಲ್ಲ. ಇನ್ನೂರು ಸಲ ಎಳೆದ ನೂರು ಹುಡುಗರಲ್ಲಿ ಸುಮಾರು 37 ಜನ ಬರಿಗೈಯಲ್ಲಿ ಏಳುತ್ತಾರೆ. ಇದನ್ನು ನಂಬಲು ಅವರು ಸುಲಭಕ್ಕೆ ಒಪ್ಪುವುದಿಲ್ಲ, ಕ್ಯಾಲ್ಕುಲೇಟರ್ ಕಿತ್ತುಕೊಂಡು ತಾವೇ ಗುಣಿಸುತ್ತಾರೆ. ಮೊನ್ನೆ ಒಬ್ಬ ಹುಡುಗ ಗುಣಿಸಿ ಮುಗಿಸಿ, "ಹಂಗಾದ್ರೆ ನಾನೂರು ಸಲಕ್ಕೆ?" ಎಂದ. ಅದನ್ನೂ ಅವನ ಕೈಯಲ್ಲೇ ಮಾಡಿಸಿದೆ. 13ಕ್ಕಿಂತ ಸ್ವಲ್ಪ ಹೆಚ್ಚು ಬಂತು.